ಅಡ್ಡಗೋಡೆ ಮೇಲಿನ ದೀಪ: ಯುದ್ಧ ಬೇಡ ಅನ್ನಲು ಡೆಮಾಕ್ರಟ್ ನಾಯಕರು ಯಾಕೆ ತಡವರಿಸುತ್ತಾರೆ?

2024ರ ಫೆಬ್ರವರಿ 27. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರೈಮರಿ. ಅಧ್ಯಕ್ಷ ಸ್ಥಾನಕ್ಕೆ ಪಕ್ಷದಿಂದ ಯಾರು ನಿಲ್ಲಬೇಕು ಅಂತ ಮತದಾರರೇ ಹೇಳುವ ಚುನಾವಣೆ ಇದು. ಜೋ ಬೈಡನ್ ಆಗಲೇ ಅಧ್ಯಕ್ಷರಾಗಿದ್ದರು. ಅವರಿಗೆ ಲೆಕ್ಕಕ್ಕೆ ಸಿಗುವಂಥ ಎದುರಾಳಿ ಇರಲಿಲ್ಲ. ಫಲಿತಾಂಶ ಮೊದಲೇ ಗೊತ್ತಿದ್ದ ಚುನಾವಣೆ. ಆದರೆ ಮತಪತ್ರದಲ್ಲಿ ಹೆಸರುಗಳ ಜತೆಗೆ ಇನ್ನೊಂದು ಸಾಲಿತ್ತು: ‘ಅನ್‌ಕಮಿಟೆಡ್’. ನಾನು ಇವರಲ್ಲಿ ಯಾರ ಕಡೆಗೂ ಇಲ್ಲ ಅಂತ ಹೇಳುವ ಸಾಲು.

ಗಾಜಾದ ಯುದ್ಧ ನಿಲ್ಲಿಸಲು ಬೈಡನ್ ಬಾಯಿ ಬಿಡುತ್ತಿಲ್ಲ ಎಂದು ಸಿಟ್ಟಾಗಿದ್ದ ಒಂದಷ್ಟು ಜನ ಆ ಸಾಲಿಗೇ ಮತ ಹಾಕಿ ಎಂದು ಕೇಳಿಕೊಂಡಿದ್ದರು. ಅವರು ಇಟ್ಟುಕೊಂಡ ಗುರಿ 10,000 ಮತ. ಸುಮ್ನೆ ಬಂದ ಅಂಕಿ ಅಲ್ಲ ಅದು. 2016ರಲ್ಲಿ ಟ್ರಂಪ್ ಮಿಷಿಗನ್ ಗೆದ್ದದ್ದು ಸುಮಾರು 10,700 ಮತಗಳ ಅಂತರದಲ್ಲಿ. ಅಂದರೆ, ‘ನಮ್ಮನ್ನು ಕಳಕೊಂಡರೆ ನಿಮಗೆ ಎಷ್ಟು ನಷ್ಟ ಅಂತ ನೋಡಿಕೊಳ್ಳಿ’ ಎಂಬ ಲೆಕ್ಕ. ಎಣಿಕೆ ಮುಗಿದಾಗ ಆ ಸಾಲಿಗೆ ಬಿದ್ದಿದ್ದ ಮತ 1,01,000ಕ್ಕೂ ಜಾಸ್ತಿ. ಒಟ್ಟು ಮತದ ಶೇ 13ರಷ್ಟು. ಅರಬ್ ಮೂಲದವರು ಹೆಚ್ಚಿರುವ ಡಿಯರ್‌ಬಾರ್ನ್ ನಗರದಲ್ಲಂತೂ ಅಧ್ಯಕ್ಷರೇ ಆ ಖಾಲಿ ಸಾಲಿನೆದುರು ಸೋತರು. ನಿಜ ಹೇಳಬೇಕೆಂದರೆ, 2012ರಲ್ಲಿ ಒಬಾಮ ಅವರ ಕಾಲದಲ್ಲೂ ಇದೇ ರಾಜ್ಯದಲ್ಲಿ ಇದೇ ಸಾಲಿಗೆ ಸುಮಾರು 20,000 ಮತ ಬಿದ್ದಿತ್ತು. ಆಗ ಅದನ್ನು ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಐದು ಪಟ್ಟಾದಾಗ ಹಚ್ಚಿಕೊಳ್ಳಲೇಬೇಕಾಯಿತು.

ಈ ಮತದಾರರು ಪಕ್ಷದ ವೈರಿಗಳಲ್ಲ. ಪಕ್ಷದ ಒಳಗಿನವರೇ. ಪ್ರೈಮರಿಗೆ ಬಂದು ಮತ ಹಾಕುವಷ್ಟು ಕಾಳಜಿ ಇರುವವರು. ಅವರ ದೂರು ಒಂದೇ: ‘ನಮ್ಮ ನಾಯಕರಿಗೆ ಈ ಯುದ್ಧ ಸರಿ ಅನಿಸಿದರೆ ಸರಿ ಅನ್ನಲಿ, ತಪ್ಪು ಅನಿಸಿದರೆ ತಪ್ಪು ಅನ್ನಲಿ. ಏನೂ ಅನ್ನದೆ ಇರುವುದು ಯಾಕೆ?’

ಈ ದೂರು ಗಾಜಾದಿಂದ ಶುರುವಾದದ್ದಲ್ಲ. ಡೆಮಾಕ್ರಟಿಕ್ ಪಕ್ಷದಲ್ಲಿ ಇದಕ್ಕೆ ಅರವತ್ತು ವರ್ಷದ ಇತಿಹಾಸ ಇದೆ. ನಾಯಕರು ಹೆದರುವುದು ಸುಮ್ಮನೆ ಅಲ್ಲ, ಅವರ ಹೆದರಿಕೆಗೂ ಒಂದು ಇತಿಹಾಸ ಇದೆ. ಅದನ್ನು ನೋಡದೆ ‘ಪುಕ್ಕಲರು’ ಎಂದು ಬೈದು ಮುಗಿಸಿದರೆ ವಿಷಯದ ಅರ್ಧ ಭಾಗ ಕೈಬಿಟ್ಟುಹೋಗುತ್ತದೆ.

ಒಂದು ತಪ್ಪು ಪಾಠ

1991ರ ಜನವರಿ 12ಕ್ಕೆ ಹೋಗೋಣ. ಕುವೈತನ್ನು ನುಂಗಿದ್ದ ಸದ್ದಾಂ ಹುಸೇನ್ ವಿರುದ್ಧ ಯುದ್ಧಕ್ಕೆ ಹೋಗಲು ಅಧ್ಯಕ್ಷ ಜಾರ್ಜ್ ಬುಷ್ (ತಂದೆ ಬುಷ್) ಅನುಮತಿ ಕೇಳಿದ್ದರು. ಸೆನೆಟ್‌ನಲ್ಲಿ, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆಯಲ್ಲಿ, 52-47ರಿಂದ ಅದು ಕಷ್ಟಪಟ್ಟು ಪಾಸಾಯಿತು. ಡೆಮಾಕ್ರಟರಲ್ಲಿ 45 ಮಂದಿ ಬೇಡ ಎಂದರು. ಬೇಕು ಎಂದವರು ಹತ್ತೇ ಜನ. ಆ ಹತ್ತರಲ್ಲಿ ಅಲ್ ಗೋರ್ ಒಬ್ಬರು. ಬೇಡ ಎಂದವರಲ್ಲಿ ಜಾನ್ ಕೆರಿ ಇದ್ದರು, ಜೋ ಬೈಡನ್ ಇದ್ದರು. ಇವೆರಡು ಹೆಸರು ನೆನಪಿರಲಿ, ಮತ್ತೆ ಬರುತ್ತವೆ.

ಆಮೇಲೆ ಆದದ್ದು ಗೊತ್ತೇ ಇದೆ. ಭೂಸೇನೆಯ ಕಾರ್ಯಾಚರಣೆ ನೂರು ಗಂಟೆಯಲ್ಲಿ ಮುಗಿಯಿತು. ಬುಷ್ ಜನಪ್ರಿಯತೆ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 89ಕ್ಕೆ ಏರಿತು. ಬೇಡ ಎಂದವರ ಮುಖ ಸಪ್ಪೆಯಾಯಿತು. ಸೆನೆಟ್‌ನ ಸೇನಾ ಸಮಿತಿಯ ಅಧ್ಯಕ್ಷ ಸ್ಯಾಮ್ ನನ್ ಅವರ ಹೆಸರು ದೇಶದ ಅಧ್ಯಕ್ಷ ಸ್ಥಾನಕ್ಕೆ ಕೇಳಿಬರುತ್ತಿತ್ತು. ಅವರೂ ಬೇಡ ಎಂದಿದ್ದರು. ಅವರ ಕಥೆ ಇಲ್ಲಿಗೇ ಮುಗಿಯಿತು ಎಂದು ರಾಜಧಾನಿಯಲ್ಲಿ ಮಾತಾಡಿಕೊಂಡರು. ಅಂದಿನಿಂದ ಪಕ್ಷದ ಸಲಹೆಗಾರರ ತಲೆಯಲ್ಲಿ ಒಂದು ಪಾಠ ಕೂತುಬಿಟ್ಟಿತು: ಮುಂದೆ ದೊಡ್ಡ ಹುದ್ದೆಯ ಆಸೆ ಇದ್ದರೆ ಯುದ್ಧಕ್ಕೆ ಬೇಡ ಅನ್ನಬೇಡ.

ತಮಾಷೆ ಏನೆಂದರೆ, ಪಾಠವೇ ತಪ್ಪು. ಅದೇ ಬುಷ್ 1992ರ ನವೆಂಬರ್‌ನಲ್ಲಿ ಶೇ 37ರಷ್ಟು ಮತ ಪಡೆದು ಮನೆಗೆ ಹೋದರು. ಯುದ್ಧ ಗೆದ್ದ ಅಧ್ಯಕ್ಷ ಇಪ್ಪತ್ತೇ ತಿಂಗಳಲ್ಲಿ ಚುನಾವಣೆ ಸೋತರು. ಯುದ್ಧದ ಮೊದಲ ವಾರಗಳ ಜನಪ್ರಿಯತೆ ಎಷ್ಟು ಬೇಗ ಆವಿಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಆದರೆ ಪಕ್ಷ ನೆನಪಿಟ್ಟುಕೊಂಡದ್ದು ಶೇ 89ನ್ನು. ಶೇ 37ನ್ನು ಮರೆತರು.

ಎರಡು ಊರು, ಒಂದೇ ದಿನ

ಹನ್ನೊಂದು ವರ್ಷ ಕಳೆದು 2002 ಬಂತು. ಮಗ ಬುಷ್ ಅಧ್ಯಕ್ಷರು. ಮತ್ತೆ ಸದ್ದಾಂ, ಮತ್ತೆ ಅನುಮತಿಯ ಮಾತು. ಅದರ ಜತೆಗೆ ನವೆಂಬರ್‌ನಲ್ಲಿ ಮಧ್ಯಂತರ ಚುನಾವಣೆ, ಅಂದರೆ ಅಧ್ಯಕ್ಷರ ಅವಧಿಯ ನಡುವೆ ಸಂಸತ್ತಿಗೆ ನಡೆಯುವ ಚುನಾವಣೆ.

ಅಕ್ಟೋಬರ್ 2ರಂದು ಶ್ವೇತಭವನದ ಗುಲಾಬಿ ತೋಟದಲ್ಲಿ ಬುಷ್ ಮಾಧ್ಯಮದ ಮುಂದೆ ನಿಂತರು. ಪಕ್ಕದಲ್ಲಿ ಕೆಳಮನೆಯ ಡೆಮಾಕ್ರಟ್ ನಾಯಕ ಡಿಕ್ ಗೆಫರ್ಟ್. ಯುದ್ಧದ ನಿರ್ಣಯಕ್ಕೆ ವಿರೋಧ ಪಕ್ಷದ ನಾಯಕನೇ ಒಪ್ಪಿ ಬಂದು ನಿಂತ ಚಿತ್ರ ಅದು. ಲೆಕ್ಕಾಚಾರ ಸರಳವಾಗಿತ್ತು. ಇರಾಕ್ ವಿಷಯವನ್ನು ಬೇಗ ಮುಗಿಸಿ ಬದಿಗಿಡೋಣ, ಆಮೇಲೆ ಆರ್ಥಿಕತೆ, ಉದ್ಯೋಗ, ವೃದ್ಧರ ಔಷಧಿ ಖರ್ಚು ಅಂತ ನಮ್ಮ ವಿಷಯ ಮಾತಾಡೋಣ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅದೇ ದಿನ ಶಿಕಾಗೊದ ಒಂದು ಚೌಕದಲ್ಲಿ ಯುದ್ಧ ವಿರೋಧಿ ಸಭೆ ನಡೆಯಿತು. ಇಲಿನಾಯ್ ರಾಜ್ಯದ ಶಾಸನಸಭೆಯ ಒಬ್ಬ ಸದಸ್ಯ ಮಾತಾಡಿದರು. ಎಲ್ಲ ಯುದ್ಧಗಳಿಗೂ ನನ್ನ ವಿರೋಧ ಇಲ್ಲ, ಮೂರ್ಖ ಯುದ್ಧಕ್ಕೆ ಮಾತ್ರ ವಿರೋಧ ಎಂಬುದು ಅವರ ಮಾತಿನ ಸಾರ. ಅವರ ಹೆಸರು ಬರಾಕ್ ಒಬಾಮ. ಆಗ ದೇಶದಲ್ಲಿ ಅವರನ್ನು ಬಲ್ಲವರು ಕಡಿಮೆ. ಇಲ್ಲಿ ಒಂದು ಮಾತು ಸೇರಿಸಲೇಬೇಕು. ಒಬಾಮ ಆಗ ವಾಷಿಂಗ್ಟನ್‌ನಲ್ಲಿ ಇರಲಿಲ್ಲ, ಅವರು ಹಾಕಬೇಕಾದ ಮತವೇ ಇರಲಿಲ್ಲ. ಅವರ ಕ್ಷೇತ್ರದ ಜನರೂ ಯುದ್ಧದ ಪರ ಇದ್ದವರಲ್ಲ. ಹಾಗಾಗಿ ಆ ಧೈರ್ಯಕ್ಕೆ ತೆತ್ತ ಬೆಲೆ ಸಣ್ಣದೇ. ಆದರೂ ಹೇಳಿದ್ದನ್ನು ಸ್ಪಷ್ಟವಾಗಿ ಹೇಳಿದರು, ತಾರೀಖಿನ ಸಮೇತ ದಾಖಲೆಯಾಯಿತು.

ಒಂದು ವಾರ ಕಳೆಯುತ್ತಲೇ ನಿರ್ಣಯ ಮತಕ್ಕೆ ಬಂತು. ಕೆಳಮನೆಯಲ್ಲಿ 296-133. ಸೆನೆಟ್‌ನಲ್ಲಿ 77-23. ಕೆಳಮನೆಯ ಡೆಮಾಕ್ರಟರಲ್ಲಿ 126 ಮಂದಿ ತಮ್ಮದೇ ನಾಯಕನ ಮಾತು ಮೀರಿ ಬೇಡ ಎಂದರು, 81 ಮಂದಿ ಬೇಕು ಎಂದರು. ಸೆನೆಟ್‌ನಲ್ಲಿ ಉಲ್ಟಾ: 29 ಮಂದಿ ಬೇಕು, 21 ಮಂದಿ ಬೇಡ. ಅಧ್ಯಕ್ಷರಾಗುವ ಕನಸಿದ್ದ ಹಿಲರಿ ಕ್ಲಿಂಟನ್, ಜಾನ್ ಎಡ್ವರ್ಡ್ಸ್, ಕೆರಿ, ಬೈಡನ್ ನಾಲ್ವರೂ ಬೇಕು ಎಂದರು. 1991ರಲ್ಲಿ ಬೇಡ ಎಂದಿದ್ದ ಆ ಇಬ್ಬರು ಈಗ ಬೇಕು ಎಂದದ್ದು ಕಣ್ಣಿಗೆ ಹೊಡೆಯುತ್ತದೆ. ವಿಚಿತ್ರ ನೋಡಿ. ಕುವೈತನ್ನು ಸದ್ದಾಂ ನಿಜವಾಗಿಯೂ ಆಕ್ರಮಿಸಿದ್ದಾಗ ಬೇಡ, ಯಾರನ್ನೂ ಆಕ್ರಮಿಸದೆ ಇದ್ದಾಗ ಬೇಕು. ನನ್ನ ಮಟ್ಟಿಗೆ ಇದು ಇರಾಕ್ ಬಗ್ಗೆ ಹಾಕಿದ ಮತವೇ ಅಲ್ಲ, 1991ರ ನೆನಪಿಗೆ ಹಾಕಿದ ಮತ.

ಸೆನೆಟರ್‌ಗಳ ಓದಿಗೆ ಅಂತ ಒಂದು ಗುಪ್ತಚರ ವರದಿ ಇತ್ತು. 90 ಪುಟಕ್ಕಿಂತ ಸ್ವಲ್ಪ ಜಾಸ್ತಿ. ಇರಾಕ್ ಬಳಿ ಇದೆ ಎನ್ನಲಾದ ಅಸ್ತ್ರಗಳ ಬಗ್ಗೆ ಸರ್ಕಾರದ ಒಳಗೇ ಇದ್ದ ಅನುಮಾನಗಳು ಅದರಲ್ಲಿ ಇದ್ದವು. ಅದನ್ನು ಪೂರ್ತಿ ಓದಿದ ಸೆನೆಟರ್‌ಗಳು ಬೆರಳೆಣಿಕೆಯಷ್ಟು ಮಾತ್ರ. ಗುಪ್ತಚರ ಸಮಿತಿಯ ಅಧ್ಯಕ್ಷ, ಫ್ಲಾರಿಡಾದ ಬಾಬ್ ಗ್ರಹಾಂ ಓದಿದರು. ಓದಿ, ಬೇಡ ಎಂದು ಮತ ಹಾಕಿದರು.

ಅಷ್ಟೆಲ್ಲ ಹುಷಾರಾಗಿ ನಡೆದುಕೊಂಡದ್ದಕ್ಕೆ ಪಕ್ಷಕ್ಕೆ ಸಿಕ್ಕಿದ್ದೇನು? ಇಲ್ಲಿ ಒಬ್ಬರ ಕಥೆ ಹೇಳಬೇಕು. ಜಾರ್ಜಿಯಾದ ಸೆನೆಟರ್ ಮ್ಯಾಕ್ಸ್ ಕ್ಲೀಲೆಂಡ್. 1968ರಲ್ಲಿ ವಿಯೆಟ್ನಾಂನಲ್ಲಿ ಗ್ರೆನೇಡ್ ಸಿಡಿದು ಎರಡೂ ಕಾಲು, ಬಲಗೈ ಕಳಕೊಂಡವರು. ಗಾಲಿಕುರ್ಚಿಯಲ್ಲೇ ಸೆನೆಟ್‌ಗೆ ಬರುತ್ತಿದ್ದರು. ಮರುಚುನಾವಣೆ ಎದುರಿಗಿತ್ತು. ಇರಾಕ್ ಯುದ್ಧಕ್ಕೆ ಬೇಕು ಎಂದು ಮತ ಹಾಕಿದರು. ಇಷ್ಟಾದ ಮೇಲೆ ಇವರ ದೇಶಪ್ರೇಮವನ್ನು ಯಾರು ತಾನೇ ಪ್ರಶ್ನಿಸುತ್ತಾರೆ, ಅಲ್ವಾ? ಎದುರಾಳಿ ಸ್ಯಾಕ್ಸ್‌ಬಿ ಚಾಂಬ್ಲಿಸ್ ಪ್ರಶ್ನಿಸಿದರು. ಅವರ ಟಿವಿ ಜಾಹೀರಾತು ಬಿನ್ ಲಾಡೆನ್ ಮತ್ತು ಸದ್ದಾಂ ಮುಖಗಳಿಂದ ಶುರುವಾಗುತ್ತಿತ್ತು. ಆಮೇಲೆ ಕ್ಲೀಲೆಂಡ್ ಮುಖ. ಆಂತರಿಕ ಭದ್ರತೆಯ ಇಲಾಖೆ ಕಟ್ಟುವ ಮಸೂದೆಯಲ್ಲಿ ಅವರು ಹಾಕಿದ ಕೆಲವು ಮತಗಳನ್ನು ಎತ್ತಿಕೊಂಡು, ಅವರ ಧೈರ್ಯವನ್ನೇ ಪ್ರಶ್ನಿಸಿತು ಆ ಜಾಹೀರಾತು. ಕ್ಲೀಲೆಂಡ್ ಸೋತರು. ಯುದ್ಧಕ್ಕೆ ಹೂಂ ಅಂದಿದ್ದ ಮಿಸೌರಿಯ ಜೀನ್ ಕಾರ್ನಹನ್ ಕೂಡ ಸೋತರು. ಸೆನೆಟ್ ಪಕ್ಷದ ಕೈತಪ್ಪಿತು.

ಮಿನೆಸೋಟದ ಪಾಲ್ ವೆಲ್‌ಸ್ಟನ್ ಕಥೆ ಬೇರೆ. ಅಂದು ಜಿದ್ದಾಜಿದ್ದಿಯ ಚುನಾವಣೆ ಎದುರಿಸುತ್ತಿದ್ದೂ ಬೇಡ ಎಂದ ಏಕೈಕ ಸೆನೆಟರ್ ಅವರು. ಮುಗಿಯಿತು ಇವರ ಕಥೆ ಎಂದರು ಎಲ್ಲರೂ. ಸಮೀಕ್ಷೆಯಲ್ಲಿ ಅವರ ಬೆಂಬಲ ಕುಸಿಯಲಿಲ್ಲ. ಮತದಾನಕ್ಕೆ ಹನ್ನೊಂದು ದಿನ ಇರುವಾಗ, ಅಕ್ಟೋಬರ್ 25ರಂದು, ವಿಮಾನ ಅಪಘಾತದಲ್ಲಿ ತೀರಿಕೊಂಡರು. ಹಾಗಾಗಿ ಅವರು ಗೆಲ್ಲುತ್ತಿದ್ದರೋ ಇಲ್ಲವೋ, ಆ ಲೆಕ್ಕ ಅಲ್ಲಿಗೇ ನಿಂತಿತು.

ಗುಲಾಬಿ ತೋಟದಲ್ಲಿ ನಿಂತಿದ್ದ ಗೆಫರ್ಟ್ ಚುನಾವಣೆಯ ಬೆನ್ನಿಗೇ ನಾಯಕತ್ವ ಬಿಟ್ಟರು. ಅವರ ಜಾಗಕ್ಕೆ ಬಂದದ್ದು ಬೇಡ ಎಂದಿದ್ದ ನ್ಯಾನ್ಸಿ ಪೆಲೋಸಿ. 2004ರಲ್ಲಿ ಕೆರಿ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಸೈನಿಕರಿಗೆ 87 ಶತಕೋಟಿ ಡಾಲರ್ ಕೊಡುವ ಮಸೂದೆಯ ಬಗ್ಗೆ ಯಾರೋ ಕೇಳಿದಾಗ, ಮೊದಲು ಪರವಾಗಿ ಹಾಕಿದ್ದೆ, ಆಮೇಲೆ ವಿರುದ್ಧ ಹಾಕಿದೆ ಎಂದುಬಿಟ್ಟರು. ಎದುರಾಳಿಗಳಿಗೆ ಅದಕ್ಕಿಂತ ಒಳ್ಳೆಯ ಜಾಹೀರಾತು ಬೇಕಿರಲಿಲ್ಲ. 2008ರಲ್ಲಿ ಹಿಲರಿ ಕ್ಲಿಂಟನ್ ಪಕ್ಷದ ಟಿಕೆಟ್ ಸೋತದ್ದು ಶಿಕಾಗೊ ಚೌಕದಲ್ಲಿ ಮಾತಾಡಿದ್ದ ಅದೇ ಮನುಷ್ಯನ ಎದುರು. ಕಾರಣ ಒಂದೇ ಅಲ್ಲ, ಆದರೆ ಇರಾಕ್ ಮತ ದೊಡ್ಡ ಕಾರಣ. ಆ ಮತ ತಪ್ಪಾಗಿತ್ತು ಎಂದು ಅವರು ನೇರವಾಗಿ ಒಪ್ಪಿಕೊಂಡದ್ದು 2014ರಲ್ಲಿ. ಅಷ್ಟರಲ್ಲಿ ಇರಾಕ್‌ನಲ್ಲಿ ಸುಮಾರು 4,500 ಅಮೆರಿಕನ್ ಸೈನಿಕರು ಸತ್ತಿದ್ದರು. ಸತ್ತ ಇರಾಕಿಗಳ ಸಂಖ್ಯೆ ಲಕ್ಷ ದಾಟಿತ್ತು.

ಅಂಜಿಕೆಯ ಲೆಕ್ಕಾಚಾರದ ದೋಷ ಇಲ್ಲಿದೆ. ಬೇಡ ಅಂದರೆ ಏನಾಗಬಹುದು ಎಂದು ನಾಯಕರು ಎಣಿಸುತ್ತಾರೆ. ಸುಮ್ಮನಿದ್ದರೆ ಏನಾಗಬಹುದು ಎಂದು ಎಣಿಸುವುದಿಲ್ಲ. ಮೊದಲನೆಯದರ ಬಿಲ್ಲು ಮರುದಿನವೇ ಬರುತ್ತದೆ, ಟಿವಿಯಲ್ಲಿ ಕಾಣುತ್ತದೆ. ಎರಡನೆಯದರ ಬಿಲ್ಲು ನಾಲ್ಕಾರು ವರ್ಷ ಬಿಟ್ಟು, ಬೇರೆ ಯಾರದೋ ಹೆಸರಿಗೆ ಬರುತ್ತದೆ.

‘ಕೇಳಿ ಮಾಡಿದಿರಾ?’

ಈಗ 2025ರ ಜೂನ್‌ಗೆ ಬರೋಣ. ಆ ಹೊತ್ತಿಗೆ ತಪ್ಪಿಸಿಕೊಳ್ಳುವ ಭಾಷೆಯೇ ಬದಲಾಗಿತ್ತು. ಯುದ್ಧಕ್ಕೆ ಬೇಕು ಎಂದು ಕೈ ಎತ್ತುವುದಿಲ್ಲ. ಬೇಡ ಎಂದೂ ಹೇಳುವುದಿಲ್ಲ. ಕ್ರಮ ಸರಿ ಇಲ್ಲ ಎನ್ನುತ್ತಾರೆ.

ಆ ತಿಂಗಳ ಆರಂಭದಲ್ಲಿ ಸೆನೆಟ್‌ನ ಡೆಮಾಕ್ರಟ್ ನಾಯಕ ಚಕ್ ಶೂಮರ್ ಒಂದು ವಿಡಿಯೊ ಹಾಕಿದರು. ಇರಾನ್ ಜತೆ ಮಾತುಕತೆಯಲ್ಲಿ ಟ್ರಂಪ್ ಮೆತ್ತಗಾಗುತ್ತಿದ್ದಾರೆ ಎಂಬ ಗೇಲಿ. ‘ಟ್ರಂಪ್ ಯಾವಾಗಲೂ ಕೊನೆಗೆ ಹಿಂದೆ ಸರಿಯುತ್ತಾರೆ’ ಎಂಬರ್ಥದ ‘ಟ್ಯಾಕೊ’ ಎಂಬ ಅಡ್ಡಹೆಸರು ಆಗ ಚಾಲ್ತಿಯಲ್ಲಿತ್ತು. ಶೂಮರ್ ಅದನ್ನೇ ಬಳಸಿ ಚುಚ್ಚಿದರು. ಜೂನ್ 13ಕ್ಕೆ ಇಸ್ರೇಲ್ ಇರಾನ್ ಮೇಲೆ ದಾಳಿ ಮಾಡಿತು. ಜೂನ್ 22ಕ್ಕೆ ಅಮೆರಿಕದ ವಿಮಾನಗಳು ಫೋರ್ಡೊ, ನತಾಂಜ್, ಇಸ್ಫಹಾನ್‌ನ ಅಣು ಕೇಂದ್ರಗಳಿಗೆ ಬಾಂಬ್ ಹಾಕಿದವು. ಹಿಂದೆ ಸರಿಯುತ್ತಾರೆ ಎಂದು ಗೇಲಿಗೊಳಗಾದವರು ಹಿಂದೆ ಸರಿಯಲಿಲ್ಲ. ಈಗ ಶೂಮರ್ ಏನನ್ನಬೇಕು? ಅಧ್ಯಕ್ಷರು ಒಬ್ಬರೇ ನಿರ್ಧರಿಸಿ ದೇಶವನ್ನು ಯುದ್ಧಕ್ಕೆ ಎಳೆಯಬಾರದು, ಸಂಸತ್ತಿಗೆ ಉತ್ತರ ಕೊಡಬೇಕು ಎಂದರು. ಕೆಳಮನೆಯ ನಾಯಕ ಹಕೀಮ್ ಜೆಫ್ರೀಸ್ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳಿದರು.

ಹೇಳಿದ್ದು ತಪ್ಪಲ್ಲ. ಅಮೆರಿಕದ ಸಂವಿಧಾನದ ಪ್ರಕಾರ ಯುದ್ಧ ಘೋಷಿಸುವ ಅಧಿಕಾರ ಸಂಸತ್ತಿಗೆ, ಅಂದರೆ ಅಲ್ಲಿನ ಕಾಂಗ್ರೆಸ್‌ಗೆ, ಮಾತ್ರ ಇದೆ. ಆದರೆ ಅದು ವಿಧಿವತ್ತಾಗಿ ಯುದ್ಧ ಘೋಷಿಸಿದ್ದು ಕೊನೆಯ ಸಲ 1942ರಲ್ಲಿ. ಆಮೇಲಿನ ಕೊರಿಯಾ, ವಿಯೆಟ್ನಾಂ, ಇರಾಕ್ ಯಾವುದಕ್ಕೂ ಘೋಷಣೆ ಇಲ್ಲ. ವಿಯೆಟ್ನಾಂನಲ್ಲಿ ಕೈಸುಟ್ಟುಕೊಂಡ ಮೇಲೆ 1973ರಲ್ಲಿ ನಿಕ್ಸನ್ ಅವರ ವೀಟೊ ಮೀರಿ ಒಂದು ಕಾನೂನು ತಂದರು. ಸೇನೆ ಕಳಿಸಿದ 48 ಗಂಟೆಯೊಳಗೆ ಅಧ್ಯಕ್ಷರು ತಿಳಿಸಬೇಕು, ಕಾಂಗ್ರೆಸ್ ಒಪ್ಪದಿದ್ದರೆ 60 ದಿನದಲ್ಲಿ ನಿಲ್ಲಿಸಬೇಕು, ವಾಪಸ್ ಕರೆಸಿಕೊಳ್ಳಲು ಇನ್ನೂ 30 ದಿನ. ಎರಡೂ ಪಕ್ಷದ ಅಧ್ಯಕ್ಷರು ಇದನ್ನು ನಾನಾ ಬಗೆಯಲ್ಲಿ ಸುತ್ತಿ ಬಳಸಿ ದಾಟಿಕೊಂಡೇ ಬಂದಿದ್ದಾರೆ. ಇರಾನ್ ಮೇಲಿನ ಯುದ್ಧಕ್ಕೆ ಕಾಂಗ್ರೆಸ್ ಒಪ್ಪಿಗೆ ಬೇಕು ಎಂದು ಡೆಮಾಕ್ರಟ್ ಸೆನೆಟರ್ ಟಿಮ್ ಕೇನ್ ಇದೇ ಕಾನೂನಿನ ಅಡಿ ತಂದ ನಿರ್ಣಯ ಜೂನ್ 27ರಂದು 47-53ರಿಂದ ಬಿತ್ತು. ರಿಪಬ್ಲಿಕನ್ನರಿಂದ ರ್‍ಯಾಂಡ್ ಪಾಲ್ ಒಬ್ಬರು ಈ ಕಡೆ ಬಂದರು. ಡೆಮಾಕ್ರಟರಿಂದ ಜಾನ್ ಫೆಟರ್‌ಮನ್ ಒಬ್ಬರು ಆ ಕಡೆ ಹೋದರು.

ಮತ ಹಾಕಿದ್ದಾರಲ್ಲ, ಇನ್ನೇನು ಬೇಕು ಎಂದು ಕೇಳಬಹುದು. ಮತದಾರನ ಕಿವಿಗೆ ಬೀಳುವುದು ಬೇರೆ. ಮನೆಗೆ ಬೆಂಕಿ ಇಡುತ್ತಿರುವವನನ್ನು ತಡೆದು ‘ಅನುಮತಿ ತಗೊಂಡಿದ್ದೀಯಾ?’ ಎಂದು ಕೇಳಿದ ಹಾಗೆ. ತಗೊಂಡಿದ್ದರೆ ಹಚ್ಚಬಹುದಿತ್ತೇ? ಈ ಯುದ್ಧ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಉತ್ತರ ಅಲ್ಲಿ ಇಲ್ಲ. ಇಲ್ಲದಿರುವುದೇ ಅದರ ಅನುಕೂಲ. ಯುದ್ಧ ಚೆನ್ನಾಗಿ ಮುಗಿದರೆ ‘ನಾವು ಕ್ರಮದ ಬಗ್ಗೆ ಮಾತ್ರ ಕೇಳಿದ್ದೆವು’ ಎನ್ನಬಹುದು. ಕೆಟ್ಟದಾಗಿ ಮುಗಿದರೆ ‘ನಾವು ಆಗಲೇ ಪ್ರಶ್ನಿಸಿದ್ದೆವು’ ಎನ್ನಬಹುದು. ಅಡ್ಡಗೋಡೆ ಮೇಲೆ ದೀಪ ಇಟ್ಟರೆ ಎರಡೂ ಕಡೆಗೆ ಬೆಳಕು. ಆದರೆ ಯಾರ ಮನೆಯ ದೀಪ ಅಂತ ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ.

ನಾಯಕರ ಪರವಾಗಿ ಒಂದು ಮಾತು ಇದೆ, ಅದನ್ನೂ ಹೇಳಿಬಿಡುತ್ತೇನೆ. ಪಕ್ಷದ ನಾಯಕನ ಕೆಲಸವೇ ಎಲ್ಲರನ್ನೂ ಒಂದೇ ಸಾಲಿನಲ್ಲಿ ಹಿಡಿದಿಡುವುದು. ಒಬ್ಬ ಸದಸ್ಯ ಗಟ್ಟಿ ಎಡಪಂಥೀಯರ ಕ್ಷೇತ್ರದಿಂದ ಬಂದಿರುತ್ತಾನೆ, ಇನ್ನೊಬ್ಬ ಟ್ರಂಪ್ ಗೆದ್ದ ಕ್ಷೇತ್ರದಿಂದ. ಯುದ್ಧ ಬೇಡ ಎಂದರೆ ಇಬ್ಬರಲ್ಲಿ ಒಬ್ಬ ಜಾರುತ್ತಾನೆ. ಕ್ರಮ ಸರಿ ಇಲ್ಲ ಎಂದರೆ ಇಬ್ಬರೂ ಉಳಿಯುತ್ತಾರೆ, ಆ ಕಡೆಯಿಂದ ಒಬ್ಬ ರ್‍ಯಾಂಡ್ ಪಾಲ್ ಕೂಡ ಸಿಗುತ್ತಾರೆ. ಜತೆಗೆ ಹಣದ ಹೆದರಿಕೆ. 2024ರ ಪ್ರೈಮರಿಗಳಲ್ಲಿ ಇಸ್ರೇಲ್ ಪರ ಲಾಬಿ ಏಪಾಕ್‌ಗೆ ಸೇರಿದ ಪ್ರಚಾರ ಸಂಸ್ಥೆ ಪಕ್ಷದ ಇಬ್ಬರು ಸಂಸದರಲ್ಲಿ ನ್ಯೂಯಾರ್ಕ್‌ನ ಜಮಾಲ್ ಬೋಮನ್ ಅವರನ್ನು ಸೋಲಿಸಲು 1.4 ಕೋಟಿ ಡಾಲರ್‌ಗೂ ಹೆಚ್ಚು, ಮಿಸೌರಿಯ ಕೋರಿ ಬುಷ್ ಅವರನ್ನು ಸೋಲಿಸಲು 80 ಲಕ್ಷ ಡಾಲರ್‌ಗೂ ಹೆಚ್ಚು ಸುರಿಯಿತು. ಇಬ್ಬರೂ ಗಾಜಾ ಯುದ್ಧವನ್ನು ಗಟ್ಟಿಯಾಗಿ ವಿರೋಧಿಸಿದ್ದವರು. ಇಬ್ಬರೂ ಸೋತರು. ಅವರಿಗೆ ಬೇರೆ ತಾಪತ್ರಯಗಳೂ ಇದ್ದವು, ನಿಜ. ಆದರೆ ಪಕ್ಕದ ಕುರ್ಚಿಯವನು ನೋಡುವುದು ಆ ಡಾಲರ್ ಅಂಕಿಯನ್ನು ಮಾತ್ರ.

ಇಷ್ಟಾದರೂ ಎಲ್ಲದರ ಅಡಿಯಲ್ಲಿರುವ ಗಟ್ಟಿ ನಂಬಿಕೆ ಇನ್ನೊಂದು: ‘ನಮ್ಮ ಮತದಾರರು ಎಲ್ಲಿಗೆ ಹೋಗುತ್ತಾರೆ? ಆ ಕಡೆ ಇರುವುದು ಟ್ರಂಪ್. ಕೊನೆಗೆ ನಮ್ಮ ಹತ್ತಿರವೇ ಬರಬೇಕು.’

ಎಲ್ಲಿಗೆ ಹೋಗುತ್ತಾರೆ?

ಎಲ್ಲಿಗೆ ಹೋಗುತ್ತಾರೆ ಎಂಬುದಕ್ಕೆ ಡಿಯರ್‌ಬಾರ್ನ್ ಉತ್ತರ ಕೊಟ್ಟಿತು. 2020ರಲ್ಲಿ ಅಲ್ಲಿ ಮೂರರಲ್ಲಿ ಎರಡು ಪಾಲು ಮತ ಬೈಡನ್‌ಗೆ ಬಿದ್ದಿತ್ತು. 2024ರ ನವೆಂಬರ್‌ನಲ್ಲಿ ಟ್ರಂಪ್‌ಗೆ ಸುಮಾರು ಶೇ 42, ಕಮಲಾ ಹ್ಯಾರಿಸ್‌ಗೆ ಶೇ 36, ಗ್ರೀನ್ ಪಾರ್ಟಿಯ ಜಿಲ್ ಸ್ಟೈನ್‌ಗೆ ಶೇ 18. ಇಡೀ ಮಿಷಿಗನ್ ಸುಮಾರು 80,000 ಮತಗಳಿಂದ ಕೈಬಿಟ್ಟುಹೋಯಿತು. ಗಾಜಾ ಒಂದರಿಂದಲೇ ಸೋತರು ಎಂದು ಹೇಳಿದರೆ ಅದು ಸುಳ್ಳು. ಬೆಲೆ ಏರಿಕೆ ಇತ್ತು, ಬೈಡನ್ ಅವರ ವಯಸ್ಸಿನ ಗಲಾಟೆ ಇತ್ತು, ಕೊನೇ ಗಳಿಗೆಯಲ್ಲಿ ಅಭ್ಯರ್ಥಿ ಬದಲಾದದ್ದಿತ್ತು. ಆದರೆ ‘ಎಲ್ಲಿಗೂ ಹೋಗುವುದಿಲ್ಲ’ ಎಂಬ ಮಾತಂತೂ ಸುಳ್ಳಾಯಿತು.

ಅದಕ್ಕೆ ಮುಂಚೆ ಒಂದು ಅವಕಾಶ ಇತ್ತು. ಆಗಸ್ಟ್‌ನಲ್ಲಿ ಶಿಕಾಗೊದಲ್ಲಿ ಪಕ್ಷದ ಮಹಾಧಿವೇಶನ. ಅನ್‌ಕಮಿಟೆಡ್ ಮತಗಳ ಬಲದಿಂದ ಸುಮಾರು 30 ಪ್ರತಿನಿಧಿಗಳು ಒಳಗೆ ಬಂದಿದ್ದರು. ಅವರು ಕೊನೆಗೆ ಕೇಳಿದ್ದು ಇಸ್ರೇಲ್‌ಗೆ ಶಸ್ತ್ರಾಸ್ತ್ರ ಕೊಡುವುದನ್ನು ನಿಲ್ಲಿಸುವ ಭರವಸೆಯನ್ನಲ್ಲ. ಪ್ಯಾಲೆಸ್ತೀನ್ ಮೂಲದ ಒಬ್ಬ ಅಮೆರಿಕನ್ನರಿಗೆ ವೇದಿಕೆಯಲ್ಲಿ ಕೆಲವು ನಿಮಿಷ ಮಾತಾಡಲು ಬಿಡಿ ಎಂದರು. ಭಾಷಣವನ್ನು ಮೊದಲೇ ತೋರಿಸುತ್ತೇವೆ ಎಂದರು. ಹಮಾಸ್ ಒತ್ತೆಯಿಟ್ಟುಕೊಂಡಿದ್ದ ಒಬ್ಬ ಯುವಕನ ತಂದೆತಾಯಿಗೆ ಅದೇ ವೇದಿಕೆಯಲ್ಲಿ ಮಾತಾಡಲು ಬಿಟ್ಟಿದ್ದರು, ಬಿಡಬೇಕಾದದ್ದೇ. ಇವರಿಗೆ ಇಲ್ಲ ಎಂದರು. ಪ್ರತಿನಿಧಿಗಳು ಸಭಾಂಗಣದ ಹೊರಗೆ ಫುಟ್‌ಪಾತ್ ಮೇಲೆ ಕೂತರು, ರಾತ್ರಿಯೆಲ್ಲ ಅಲ್ಲೇ ಕಳೆದರು. ಒಳಗೆ ಬಲೂನುಗಳು.

ಶಿಕಾಗೊ ಎಂದಾಗ 1968 ನೆನಪಾಗದೆ ಇರುವುದಿಲ್ಲ. ಆ ವರ್ಷ ಮಾರ್ಚ್‌ನಲ್ಲಿ ವಿಯೆಟ್ನಾಂ ಯುದ್ಧ ವಿರೋಧಿಸಿದ ಯೂಜೀನ್ ಮೆಕಾರ್ತಿ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಯಲ್ಲಿ ಶೇ 42 ಮತ ಪಡೆದರು. ಅಧ್ಯಕ್ಷ ಜಾನ್ಸನ್‌ಗೆ ಬಿದ್ದದ್ದು ಶೇ 49. ಗೆದ್ದವರು ಜಾನ್ಸನ್ನೇ, ಆದರೆ ತಿಂಗಳ ಕೊನೆಗೆ ಕಣದಿಂದ ಹೊರಗೆ ಹೋದವರೂ ಅವರೇ. ಆಗಸ್ಟ್‌ನಲ್ಲಿ ಶಿಕಾಗೊದ ಬೀದಿಯಲ್ಲಿ ಲಾಠಿ, ಅಶ್ರುವಾಯು. ಒಳಗೆ ಶಾಂತಿಯ ನಿರ್ಣಯಕ್ಕೆ ಸೋಲು. ಒಂದೂ ಪ್ರೈಮರಿಗೆ ನಿಲ್ಲದ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಅಭ್ಯರ್ಥಿಯಾದರು. ಅಧ್ಯಕ್ಷರ ಯುದ್ಧನೀತಿಗೆ ಜೋತುಬಿದ್ದಷ್ಟು ದಿನ ಅವರ ಸಭೆಗಳಲ್ಲಿ ಕೂಗಾಟ ತಪ್ಪಲಿಲ್ಲ. ಸೆಪ್ಟೆಂಬರ್ 30ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ, ಶಾಂತಿಗಾಗಿ ಬಾಂಬ್ ದಾಳಿ ನಿಲ್ಲಿಸಲು ಸಿದ್ಧ ಎಂದು ಸ್ವಲ್ಪ ದೂರ ಸರಿದರು. ಅಲ್ಲಿಂದ ಮತ ಏರತೊಡಗಿತು. ನಿಕ್ಸನ್ ಎದುರು ಕೊನೆಗೆ ಸೋತದ್ದು ಶೇ 1ಕ್ಕೂ ಕಡಿಮೆ ಅಂತರದಲ್ಲಿ. ಒಂದು ತಿಂಗಳು ಮೊದಲೇ ಹೇಳಿದ್ದರೆ? ಯಾರಿಗೆ ಗೊತ್ತು. ಆದರೆ ಹ್ಯಾರಿಸ್ ತಂಡದಲ್ಲಿ ಈ ಕಥೆ ಗೊತ್ತಿಲ್ಲದವರು ಇದ್ದಿರಲಾರರು.

ಬ್ರಿಟನ್‌ನಲ್ಲೂ ಇದೇ ಪಾಡು. ಅಲ್ಲಿ ಲೇಬರ್ ಪಕ್ಷದ ಕೀರ್ ಸ್ಟಾರ್ಮರ್ ಗಾಜಾ ಕದನ ವಿರಾಮಕ್ಕೆ ಒತ್ತಾಯಿಸಲು ಹಿಂದೇಟು ಹಾಕಿದಾಗ, 2023ರ ನವೆಂಬರ್‌ನಲ್ಲಿ ಅವರದೇ 56 ಸಂಸದರು ಬಂಡೆದ್ದು ಮತ ಹಾಕಿದರು. 2024ರ ಜುಲೈನಲ್ಲಿ ಲೇಬರ್ ಭರ್ಜರಿಯಾಗಿ ಗೆದ್ದಿತು, 411 ಸ್ಥಾನ. ಆದರೆ ಆ ರಾತ್ರಿಯೇ ಗಾಜಾ ವಿಷಯ ಹಿಡಿದು ನಿಂತ ನಾಲ್ವರು ಪಕ್ಷೇತರರು ಲೇಬರ್‌ನಿಂದ ಸೀಟು ಕಿತ್ತುಕೊಂಡರು. ಸಚಿವರಾಗುವ ಸಾಲಿನಲ್ಲಿದ್ದ ಜೊನಾಥನ್ ಆಶ್‌ವರ್ತ್ ಲೆಸ್ಟರ್‌ನಲ್ಲಿ 979 ಮತಗಳಿಂದ ಸೋತರು. ವೆಸ್ ಸ್ಟ್ರೀಟಿಂಗ್ 528 ಮತಗಳಿಂದ ಹೇಗೋ ಬಚಾವಾದರು.

ಎದುರು ವಾದ

ಹಾಗಾದರೆ ಯುದ್ಧ ವಿರೋಧಿಸಿದವರೆಲ್ಲ ಗೆಲ್ಲುತ್ತಾರಾ? ಇಲ್ಲ. ಇಲ್ಲಿ ನಾಜೂಕು ಮಾಡುವುದು ಬೇಡ. 1964ರಲ್ಲಿ ವಿಯೆಟ್ನಾಂಗೆ ದಾರಿ ಮಾಡಿಕೊಟ್ಟ ಟಾಂಕಿನ್ ಕೊಲ್ಲಿ ನಿರ್ಣಯ ಕೆಳಮನೆಯಲ್ಲಿ 416-0, ಸೆನೆಟ್‌ನಲ್ಲಿ 88-2ರಿಂದ ಪಾಸಾಯಿತು. ಬೇಡ ಎಂದ ಇಬ್ಬರು ಸೆನೆಟರ್‌ಗಳು, ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್. 1968ರಲ್ಲಿ ಇಬ್ಬರೂ ಸೀಟು ಕಳಕೊಂಡರು. 1972ರಲ್ಲಿ ಯುದ್ಧ ನಿಲ್ಲಿಸುತ್ತೇನೆ ಎಂದು ನಿಂತ ಜಾರ್ಜ್ ಮೆಕ್‌ಗವರ್ನ್ 50ರಲ್ಲಿ 49 ರಾಜ್ಯ ಸೋತರು. 2006ರಲ್ಲಿ ಇರಾಕ್ ಯುದ್ಧದ ಕಟ್ಟಾ ಬೆಂಬಲಿಗ ಜೋ ಲೀಬರ್‌ಮನ್ ಅವರನ್ನು ಕನೆಕ್ಟಿಕಟ್ ಪ್ರೈಮರಿಯಲ್ಲಿ ನೆಡ್ ಲಮಾಂಟ್ ಶೇ 52-48ರಿಂದ ಸೋಲಿಸಿದರು. ಲೀಬರ್‌ಮನ್ ಪಕ್ಷೇತರರಾಗಿ ನಿಂತು ನವೆಂಬರ್‌ನಲ್ಲಿ ಅದೇ ಸೀಟು ಗೆದ್ದರು.

ಇನ್ನೊಂದು ಕಡೆ ಬಾರ್ಬರಾ ಲೀ. 2001ರ ಸೆಪ್ಟೆಂಬರ್ 14ರಂದು, ಅವಳಿ ಗೋಪುರ ಬಿದ್ದ ಮೂರೇ ದಿನಕ್ಕೆ, ಅಧ್ಯಕ್ಷರಿಗೆ ಸೇನೆ ಬಳಸುವ ಮುಕ್ತ ಅಧಿಕಾರ ಕೊಡುವ ನಿರ್ಣಯಕ್ಕೆ ಇಡೀ ಕಾಂಗ್ರೆಸ್‌ನಲ್ಲಿ ಬೇಡ ಎಂದ ಒಬ್ಬರೇ ಒಬ್ಬರು. ಕೆಳಮನೆಯಲ್ಲಿ 420-1. ಕೊಲೆ ಬೆದರಿಕೆ ಬಂದವು, ಪೊಲೀಸ್ ಕಾವಲು ಹಾಕಬೇಕಾಯಿತು. ಮರುವರ್ಷ ಕ್ಯಾಲಿಫೋರ್ನಿಯಾದ ಅವರ ಕ್ಷೇತ್ರದ ಜನ ಶೇ 80ಕ್ಕೂ ಹೆಚ್ಚು ಮತ ಕೊಟ್ಟು ಗೆಲ್ಲಿಸಿದರು.

ಹಾಗಾಗಿ ‘ವಿರೋಧಿಸಿ, ಗೆಲ್ಲಿ’ ಎಂಬ ಸೂತ್ರ ಇಲ್ಲಿ ಇಲ್ಲ. ಇರುವುದು ಬೇರೆ ಮಾತು. ಸಿಟ್ಟಾದ ಮತದಾರ ಕೇಳುತ್ತಿರುವುದು ಗೆಲ್ಲುವ ದಾರಿಯನ್ನಲ್ಲ. ನೀನು ಯಾರು ಅಂತ ಗೊತ್ತಾಗಲಿ ಎನ್ನುತ್ತಿದ್ದಾನೆ. ಬಾಡಿಗೆ ಇಳಿಸುತ್ತೇನೆ, ಆಸ್ಪತ್ರೆ ಖರ್ಚು ಇಳಿಸುತ್ತೇನೆ ಎಂದು ಇದೇ ನಾಯಕರು ಹೇಳುತ್ತಾರೆ. ಯುದ್ಧದ ಬಗ್ಗೆ ಬಾಯಿ ಬಿಡದವರು ಔಷಧ ಕಂಪನಿಗಳ ಎದುರು ಬಿಡುತ್ತಾರೆಂದು ಯಾಕೆ ನಂಬಬೇಕು? ನ್ಯೂಯಾರ್ಕ್ ನಗರದ ಮೇಯರ್ ಚುನಾವಣೆಯಲ್ಲಿ ಡೆಮಾಕ್ರಟ್ ಅಭ್ಯರ್ಥಿ ಜೊಹ್ರಾನ್ ಮಮ್ದಾನಿ ಗೆದ್ದದ್ದು ಮುಖ್ಯವಾಗಿ ಬಾಡಿಗೆ, ಬಸ್ಸು, ದಿನಸಿಯ ಮಾತಾಡಿ. ಮೇಯರ್‌ಗೆ ವಿದೇಶಾಂಗ ನೀತಿಯೂ ಇಲ್ಲ, ಸೇನೆಯೂ ಇಲ್ಲ. ಆದರೆ ಗಾಜಾ ಬಗ್ಗೆ ಕೇಳಿದಾಗ ನುಣುಚಿಕೊಳ್ಳದೆ ಉತ್ತರ ಕೊಟ್ಟರು. ಬೇರೆ ವಿಷಯಗಳಲ್ಲೂ ಇವರು ನುಣುಚಿಕೊಳ್ಳಲಿಕ್ಕಿಲ್ಲ ಎಂದು ಜನ ಲೆಕ್ಕ ಹಾಕಿದರು ಅಂತ ನನಗನಿಸುತ್ತದೆ. 2025ರ ಜೂನ್‌ನಲ್ಲೇ ಪ್ರೈಮರಿ ಗೆದ್ದಿದ್ದ ಅವರಿಗೆ ಅದೇ ನಗರದ ಜೆಫ್ರೀಸ್ ಬೆಂಬಲ ಘೋಷಿಸಿದ್ದು ಅಕ್ಟೋಬರ್ ಕೊನೆಗೆ. ಶೂಮರ್ ಘೋಷಿಸಲೇ ಇಲ್ಲ.

ನಾಯಕರಿಗಿಂತ ಬೆಂಬಲಿಗರು ಎಷ್ಟು ಮುಂದೆ ಹೋಗಿದ್ದಾರೆ ಎಂಬುದನ್ನು ಒಂದೇ ಅಂಕಿಯಲ್ಲಿ ನೋಡಬಹುದು. 2025ರ ಜುಲೈನ ಗ್ಯಾಲಪ್ ಸಮೀಕ್ಷೆಯಲ್ಲಿ ಗಾಜಾದಲ್ಲಿ ಇಸ್ರೇಲ್ ಸೇನೆ ಮಾಡುತ್ತಿರುವುದು ಸರಿ ಎಂದ ಡೆಮಾಕ್ರಟ್ ಬೆಂಬಲಿಗರು ಶೇ 8. ಆಗಸ್ಟ್‌ನಲ್ಲಿ ಮಿನಿಯಾಪೊಲಿಸ್‌ನಲ್ಲಿ ಪಕ್ಷದ ರಾಷ್ಟ್ರೀಯ ಸಮಿತಿ ಸಭೆ ಸೇರಿತು. ಇಸ್ರೇಲ್‌ಗೆ ಶಸ್ತ್ರಾಸ್ತ್ರ ನಿಲ್ಲಿಸಿ ಎಂಬ ನಿರ್ಣಯ ಬಿದ್ದುಹೋಯಿತು. ಸಮಿತಿಯ ಅಧ್ಯಕ್ಷ ಕೆನ್ ಮಾರ್ಟಿನ್ ತಂದ ಮೆತ್ತನೆಯ ನಿರ್ಣಯ ಪಾಸಾಯಿತು. ಪಾಸಾದ ಮೇಲೆ ಅವರೇ ಅದನ್ನು ವಾಪಸ್ ತೆಗೆದುಕೊಂಡರು. ಈ ವಿಷಯ ಚರ್ಚಿಸಲು ಒಂದು ಕಾರ್ಯಪಡೆ ಮಾಡುತ್ತೇವೆ ಎಂದರು.

ಸೆನೆಟ್‌ನಲ್ಲಿ ಮಾತ್ರ ಸ್ವಲ್ಪ ಅಲುಗಾಡಿದೆ. ಇಸ್ರೇಲ್‌ಗೆ ಕೆಲವು ಶಸ್ತ್ರಾಸ್ತ್ರ ಮಾರುವುದನ್ನು ತಡೆಯಲು ಬರ್ನಿ ಸ್ಯಾಂಡರ್ಸ್ ಪದೇ ಪದೇ ನಿರ್ಣಯ ತರುತ್ತಿದ್ದರು. 2025ರ ಏಪ್ರಿಲ್‌ನಲ್ಲಿ ಸಿಕ್ಕಿದ್ದು 15 ಮತ. ಜುಲೈ 30ರಂದು 27. ನಿರ್ಣಯ ಬಿತ್ತು, ಆದರೆ ಪಕ್ಷದ ಕಡೆಯ 47 ಸೆನೆಟರ್‌ಗಳಲ್ಲಿ ಮೊದಲ ಸಲ ಅರ್ಧಕ್ಕಿಂತ ಹೆಚ್ಚು ಮಂದಿ ಪರವಾಗಿ ಕೈ ಎತ್ತಿದರು. ಶೂಮರ್ ವಿರುದ್ಧ ಹಾಕಿದರು. ಮಿಷಿಗನ್‌ನಿಂದ, ಹ್ಯಾರಿಸ್ ಸೋತ ದಿನವೇ ಸುಮಾರು 19,000 ಮತಗಳಿಂದ ಗೆದ್ದು ಬಂದ ಎಲಿಸಾ ಸ್ಲಾಟ್ಕಿನ್ ಅಂದು ಮತದಾನಕ್ಕೆ ಬಂದಿರಲಿಲ್ಲ. ಇದ್ದಿದ್ದರೆ ಪರವಾಗಿ ಹಾಕುತ್ತಿದ್ದೆ ಎಂದು ಆಮೇಲೆ ಹೇಳಿದರು.